ನಾಲ್ವರು ಒಬ್ಬರಿಗೊಬ್ಬರು ಕಿವಿಗೊಡುವುದನ್ನು ಚಿತ್ರೀಕರಿಸುವ ಬಗೆ

ಪ್ರಶ್ನೆ: ನಾನು ಮೈಸೂರಿನವನು. ಕೆಲವು ವರ್ಷ ಕರ್ನಾಟಕ ಸಂಗೀತ ಕಚೇರಿಗಳ ವಿಡಿಯೊ ಚಿತ್ರೀಕರಣ ಮಾಡಿ, ಈಗ ಜರ್ಮನಿಯಲ್ಲಿ ಸಿನಿಮಾ ಓದುತ್ತಿದ್ದೇನೆ. ಇಲ್ಲಿ ನನಗೆ ಪರಿಚಯವಾದ ನಾಲ್ವರು ಯುವ ವಾದಕರ ಸ್ಟ್ರಿಂಗ್ ಕ್ವಾರ್ಟೆಟ್ ಒಂದು ಚಿಕ್ಕ ಸಭಾಂಗಣದಲ್ಲಿ ಬೇಥೋವನ್‌ನ ಓಪಸ್ 131 ಎಂಬ ಕ್ವಾರ್ಟೆಟ್ ಕೃತಿಯನ್ನು ನುಡಿಸಲಿದೆ. ಅದನ್ನು ಮೂರು ಕ್ಯಾಮೆರಾಗಳಲ್ಲಿ ಚಿತ್ರೀಕರಿಸುವ ಅವಕಾಶ ನನಗೆ ಸಿಕ್ಕಿದೆ. ಇದು ಬರಿಯ ದಾಖಲೆಯಾಗದೆ ತನ್ನದೇ ಆದ ಕಲಾಕೃತಿಯಾಗಬೇಕೆಂಬುದು ನನ್ನ ಆಸೆ. ಕ್ಯಾಮೆರಾ ಚಲಿಸುತ್ತಿರಬೇಕು, ಕಟ್‌ಗಳು ಹೆಚ್ಚಿರಬೇಕು, ಇಲ್ಲದಿದ್ದರೆ ಯಾರೂ ನೋಡುವುದಿಲ್ಲ ಎಂದು ಸಹಪಾಠಿಗಳು ಹೇಳುತ್ತಾರೆ. ಹಿಂದೆ ಒಂದು ಕ್ಯಾಮೆರಾ ನಿಲ್ಲಿಸಿದರೆ ಸಾಕು, ಉಳಿದದ್ದೆಲ್ಲ ಸಂಗೀತಕ್ಕೆ ಅಡ್ಡಿ ಎಂದು ವಾದಕರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ಎರಡೂ ಮಾತುಗಳನ್ನು ನಾನು ಪೂರ್ತಿಯಾಗಿ ಒಪ್ಪಲಾರೆ, ಆದರೆ ಆಯ್ದುಕೊಳ್ಳಲೇಬೇಕೆಂದರೆ ವಾದಕರ ಪಕ್ಕದಲ್ಲಿ ನಿಲ್ಲುತ್ತೇನೆ. ಅವರು ಹೆದರುತ್ತಿರುವುದು ಕ್ಯಾಮೆರಾಕ್ಕಲ್ಲ, ಸ್ವರಲಿಪಿಯನ್ನು ಓದದೆ ಬರುವ ಕ್ಯಾಮೆರಾಕ್ಕೆ. ಆ ಹೆದರಿಕೆ ನ್ಯಾಯವಾದದ್ದು.

ಮೊದಲು, ಕ್ವಾರ್ಟೆಟ್‌ನಲ್ಲಿ ಕಣ್ಣಿಗೆ ಕಾಣುವಂಥದ್ದು ಏನಿದೆ ಎಂಬುದನ್ನು ಕೇಳಿಕೊಳ್ಳೋಣ. ನೀವು ಕಚೇರಿಗಳನ್ನು ಚಿತ್ರೀಕರಿಸಿದವರಾದ್ದರಿಂದ ನಿಮ್ಮ ಕೈಗೆ ಒಂದು ಅಭ್ಯಾಸ ಬಂದಿರುತ್ತದೆ. ಅಲ್ಲಿ ಗಾಯಕರು ನಡುವೆ ಕುಳಿತಿರುತ್ತಾರೆ, ಪಕ್ಕವಾದ್ಯದವರು ಅತ್ತ ಇತ್ತ ಇರುತ್ತಾರೆ, ತಾಳವು ಗಾಯಕರ ಕೈಯಲ್ಲೇ ಕಾಣುತ್ತದೆ. ಕ್ಯಾಮೆರಾ ಗಾಯಕರ ಮುಖದಲ್ಲಿ ನೆಲೆಸಿ, ಪಿಟೀಲಿನವರ ಸರದಿ ಬಂದಾಗ ಅತ್ತ ಹೋಗಿ, ತನಿ ಆವರ್ತನದಲ್ಲಿ ಮೃದಂಗಕ್ಕೆ ಹೊರಳಿದರೆ ಹೆಚ್ಚು ತಪ್ಪಾಗುವುದಿಲ್ಲ. ಕ್ವಾರ್ಟೆಟ್‌ನಲ್ಲಿ ನಡುವಿನ ಆಸನವೆಂಬುದೇ ಇಲ್ಲ. ಎರಡು ವಯೊಲಿನ್, ಅದಕ್ಕಿಂತ ತುಸು ದೊಡ್ಡದಾದ ಒಂದು ವಯೋಲಾ, ನೆಲಕ್ಕೆ ಊರಿ ನುಡಿಸುವ ಒಂದು ಚೆಲ್ಲೊ ಅರ್ಧವೃತ್ತದಲ್ಲಿ ಕೂರುತ್ತವೆ. ತಾಳ ಹಾಕುವವರಿಲ್ಲ, ಕೋಲು ಹಿಡಿದ ನಿರ್ದೇಶಕರಿಲ್ಲ. ಒಂದು ಉಸಿರು, ವಯೊಲಿನ್ನಿನ ತುದಿಯ ಒಂದು ಸಣ್ಣ ಏರಿಕೆ, ತಂತಿಯ ಮೇಲೆ ಇಳಿಯುವ ಮುನ್ನ ಗಾಳಿಯಲ್ಲಿ ಅರೆಕ್ಷಣ ನಿಲ್ಲುವ ಕಮಾನು, ಇಷ್ಟರಿಂದಲೇ ನಾಲ್ವರೂ ಒಂದೇ ಕ್ಷಣದಲ್ಲಿ ಸ್ವರ ಹಿಡಿಯುತ್ತಾರೆ. ಆ ಸೂಚನೆ ಕೊಡುವವರು ಯಾವಾಗಲೂ ಮೊದಲ ವಯೊಲಿನ್‌ನವರೇ ಆಗಿರಬೇಕೆಂದಿಲ್ಲ. ಎರಡು ಬಾರ್ (ಸ್ವರಲಿಪಿಯಲ್ಲಿ ಕಾಲವನ್ನು ಅಳೆಯುವ ಘಟಕ) ಆದ ಮೇಲೆ ಅದು ಚೆಲ್ಲೊದವರ ಹುಬ್ಬಿಗೆ ಹೋಗಿರಬಹುದು.

ಒಬ್ಬರು ನುಡಿಸುತ್ತಿರುವಾಗ ಉಳಿದ ಮೂವರು ಏನು ಕೇಳಿಸಿಕೊಳ್ಳುತ್ತಿದ್ದಾರೆ, ಕೇಳಿಸಿಕೊಂಡು ತಮ್ಮ ಕೈಯನ್ನು ಹೇಗೆ ತಿದ್ದಿಕೊಳ್ಳುತ್ತಿದ್ದಾರೆ ಎಂಬುದು ಧ್ವನಿಮುದ್ರಣದಲ್ಲಿ ಸಿಗದು. ಸಭಾಂಗಣದ ಇಪ್ಪತ್ತನೆಯ ಸಾಲಿನಲ್ಲಿ ಕುಳಿತವರಿಗೂ ಕಾಣದು. ಅದನ್ನು ಕಾಣಿಸಬಲ್ಲುದು ಕ್ಯಾಮೆರಾ ಮಾತ್ರ. ಕ್ವಾರ್ಟೆಟ್ ಚಿತ್ರೀಕರಣವು ಒಂದು ಕಲೆ ಎಂದು ನಾನು ನಂಬಿರುವುದು ಈ ಒಂದು ಕಾರಣಕ್ಕೆ. ಆಲಿಸುವಿಕೆ ಚಿತ್ರದಲ್ಲಿ ಕಂಡರೆ ಅದು ಕಲಾಕೃತಿ. ಕಾಣದಿದ್ದರೆ, ಕ್ಯಾಮೆರಾ ಎಷ್ಟೇ ನಯವಾಗಿ ತೇಲಲಿ, ಅದು ವಾದ್ಯಗಳ ಜಾಹೀರಾತು.

ಸಂಗೀತಗಾರರನ್ನು ಚಿತ್ರೀಕರಿಸುವುದಕ್ಕೆ ಯೂರೋಪಿನಲ್ಲಿ ಎರಡು ದಾರಿಗಳು ಬಹುಮಟ್ಟಿಗೆ ಒಂದೇ ದಶಕದಲ್ಲಿ ಸ್ಪಷ್ಟವಾದವು. ಎರಡನ್ನೂ ನೀವು ತಿಳಿದಿರಬೇಕು. 1965ರಲ್ಲಿ ಫ್ರೆಂಚ್ ನಿರ್ದೇಶಕ ಆನ್ರಿ ಜಾರ್ಜ್ ಕ್ಲೂಜೊ ವಿಯೆನ್ನಾದಲ್ಲಿ ಆರ್ಕೆಸ್ಟ್ರಾ ನಿರ್ದೇಶಕ ಹರ್ಬರ್ಟ್ ಫಾನ್ ಕರಾಯಾನ್ ನಡೆಸಿಕೊಟ್ಟ ಷೂಮನ್‌ನ ನಾಲ್ಕನೆಯ ಸಿಂಫನಿಯನ್ನು ಚಿತ್ರೀಕರಿಸಿದರು. ಅಲ್ಲಿಂದ ಮುಂದೆ ಕರಾಯಾನ್ ಸಂಗೀತ ಚಿತ್ರವನ್ನು ಸಿನಿಮಾದಂತೆಯೇ ಕಟ್ಟುವ ಹಾದಿ ಹಿಡಿದರು: ಬೆಳಕಿನ ವಿನ್ಯಾಸ, ಲೆಕ್ಕ ಹಾಕಿದ ಕೋನಗಳು, ಹಲವು ಚಿತ್ರಗಳಲ್ಲಿ ಮೊದಲೇ ಮುದ್ರಿಸಿದ ಧ್ವನಿಗೆ ಹೊಂದಿಸಿ ನುಡಿಸುವಂತೆ ಅಭಿನಯಿಸುವ ವಾದಕರು. ಇದಕ್ಕೆ ನೇರ ಎದುರಾಗಿ, 1968ರಲ್ಲಿ ಬಿಡುಗಡೆಯಾದ, ಸಂಗೀತ ರಚನೆಕಾರ ಬಾಖ್ ಕುರಿತ ತಮ್ಮ ಚಿತ್ರದಲ್ಲಿ ಜಾನ್ ಮಾರಿ ಸ್ಟ್ರಾಬ್ ಮತ್ತು ಡಾನಿಯೆಲ್ ಯುಯೆ ದಂಪತಿಗಳು ಹಾರ್ಪ್ಸಿಕಾರ್ಡ್ ವಾದಕ ಗುಸ್ಟಾವ್ ಲೆಯೊನ್ಹಾರ್ಟ್ ಅವರನ್ನೇ ಬಾಖ್‌ನ ಪಾತ್ರದಲ್ಲಿ ಕೂರಿಸಿ, ಚಿತ್ರೀಕರಣದ ಸ್ಥಳದಲ್ಲೇ ನುಡಿಸಿದ ಧ್ವನಿಯನ್ನೇ ಮುದ್ರಿಸಿಕೊಂಡು, ಸಂಗೀತದ ಭಾಗಗಳನ್ನು ಕಟ್ ಇಲ್ಲದ ದೀರ್ಘ ಶಾಟ್‌ಗಳಲ್ಲಿ ಹಿಡಿದರು. ಮೊದಲ ದಾರಿಯಲ್ಲಿ ಸಂಗೀತವು ಚಿತ್ರಕ್ಕೆ ಒದಗುವ ಸಾಮಗ್ರಿ; ಎರಡನೆಯದರಲ್ಲಿ ಸಂಗೀತವೇ ಘಟನೆ, ಕ್ಯಾಮೆರಾ ಅದಕ್ಕೆ ಸಾಕ್ಷಿ.

ಆರ್ಕೆಸ್ಟ್ರಾಕ್ಕೆ ಮೊದಲ ದಾರಿ ಕೆಲವೊಮ್ಮೆ ಭವ್ಯವಾಗಿ ಒದಗಿಬಂದಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಕ್ವಾರ್ಟೆಟ್‌ಗೆ ಅದು ಒಗ್ಗದು. ಮೊದಲೇ ಮುದ್ರಿತವಾದ ಧ್ವನಿಗೆ ಅಭಿನಯಿಸುವ ನಾಲ್ವರೂ ಧ್ವನಿವರ್ಧಕವನ್ನು ಆಲಿಸುತ್ತಾರೆಯೇ ಹೊರತು ಒಬ್ಬರನ್ನೊಬ್ಬರು ಆಲಿಸುವುದಿಲ್ಲ. ಕಮಾನಿನ ದಿಕ್ಕು ಸರಿಹೊಂದಬಹುದು, ಬೆರಳೂ ಸರಿಹೊಂದಬಹುದು. ಆದರೆ ಮುಂದೇನಾಗುತ್ತದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ ಎಂಬ ಎಚ್ಚರ ಕಣ್ಣುಗಳಲ್ಲಿ ಇರುವುದಿಲ್ಲ. ನಾವು ಚಿತ್ರೀಕರಿಸಲು ಹೊರಟಿರುವುದು ಆ ಎಚ್ಚರವನ್ನೇ. ಆದ್ದರಿಂದ ನಿಮ್ಮ ಮೊದಲ ನಿರ್ಧಾರ ಇದಾಗಿರಲಿ: ನುಡಿಸುವಾಗಿನ ಧ್ವನಿಯೇ ಚಿತ್ರದ ಧ್ವನಿ.

ಕ್ಯಾಮೆರಾ ಮತ್ತು ಕ್ವಾರ್ಟೆಟ್‌ನ ನಂಟು ತುತ್ತತುದಿಗೆ ಹೋದ ಒಂದು ಪ್ರಸಂಗವನ್ನೂ ಇಲ್ಲಿ ನೆನೆಯಬೇಕು. ಜರ್ಮನ್ ಸಂಗೀತ ರಚನೆಕಾರ ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸೆನ್ ರಚಿಸಿದ ಹೆಲಿಕಾಪ್ಟರ್ ಕ್ವಾರ್ಟೆಟ್ 1995ರ ಜೂನ್ 26ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮೊದಲ ಬಾರಿಗೆ ಪ್ರದರ್ಶನಗೊಂಡಾಗ ಆರ್ಡಿಟ್ಟಿ ಕ್ವಾರ್ಟೆಟ್‌ನ ನಾಲ್ವರೂ ನಾಲ್ಕು ಹೆಲಿಕಾಪ್ಟರ್‌ಗಳಲ್ಲಿ ಕುಳಿತು ಆಕಾಶದಲ್ಲಿ ನುಡಿಸಿದರು. ಅವರ ಚಿತ್ರ ಮತ್ತು ಧ್ವನಿ, ಹೆಲಿಕಾಪ್ಟರ್ ರೆಕ್ಕೆಗಳ ಸದ್ದಿನ ಸಮೇತ, ಕೆಳಗಿನ ಪ್ರೇಕ್ಷಕರ ಮುಂದಿನ ಪರದೆಗಳಿಗೆ ಬರುತ್ತಿತ್ತು. ಅಲ್ಲಿ ಕ್ಯಾಮೆರಾ ಇಲ್ಲದಿದ್ದರೆ ಪ್ರೇಕ್ಷಕರ ಪಾಲಿಗೆ ಕೃತಿಯೇ ಇಲ್ಲ. ನುಡಿಸುವ ನಾಲ್ವರಿಗೆ ಒಬ್ಬರನ್ನೊಬ್ಬರು ನೋಡುವ ಭಾಗ್ಯವೂ ಇರಲಿಲ್ಲ. ಈ ಕೃತಿಯ ಬಗ್ಗೆ ಓದಿದಾಗಲೆಲ್ಲ, ಕ್ವಾರ್ಟೆಟ್ ಎಂದರೆ ಒಂದೇ ಗಾಳಿಯನ್ನು ಹಂಚಿಕೊಂಡು ಕುಳಿತವರು ಎಂಬ ಮಾತು ನನ್ನಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ.

ಇನ್ನು ನಿಮ್ಮ ಕೃತಿಗೆ ಬರೋಣ. 1826ರಲ್ಲಿ ಮುಗಿದ ಓಪಸ್ 131ರಲ್ಲಿ ಏಳು ಭಾಗಗಳಿವೆ. ಅವನ್ನು ನಡುವೆ ನಿಲ್ಲಿಸದೆ ನುಡಿಸಬೇಕೆಂಬುದು ಬೇಥೋವನ್‌ನ ಆಶಯ. ಸುಮಾರು 40 ನಿಮಿಷ ಹಿಡಿಯುತ್ತದೆ. ವಾದಕರಿಗೆ ಶ್ರುತಿ ಸರಿಮಾಡಿಕೊಳ್ಳಲು ಬಿಡುವಿಲ್ಲ. ನಿಮಗೂ ಬ್ಯಾಟರಿ, ಕಾರ್ಡ್ ಬದಲಿಸಲು ಬಿಡುವಿಲ್ಲ. ಹಳೆಯ ಸ್ಟಿಲ್ ಕ್ಯಾಮೆರಾಗಳಲ್ಲಿ ಅನೇಕವು 29 ನಿಮಿಷ 59 ಸೆಕೆಂಡಿಗೆ ವಿಡಿಯೊವನ್ನು ತಾವಾಗಿಯೇ ನಿಲ್ಲಿಸುತ್ತವೆ. ಈ ಕೃತಿಯಲ್ಲಿ ಅಷ್ಟು ಹೊತ್ತಿಗೆ ನೀವು ಇರುವುದು ಕೊನೆಯ ಭಾಗಗಳ ಬಿರುಸಿನ ನಡುವೆ. ಬಾಡಿಗೆಗೆ ತರುವ ಕ್ಯಾಮೆರಾಗಳಿಗೆ ಈ ಮಿತಿ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. 45 ನಿಮಿಷ ಸತತವಾಗಿ ಓಡಿಸಿ, ಬಿಸಿಯಾಗಿ ನಿಲ್ಲುವುದಿಲ್ಲವೆಂಬುದನ್ನೂ ಖಚಿತಪಡಿಸಿಕೊಳ್ಳಿ.

ಸ್ವರಲಿಪಿಯ ನಾಲ್ಕೂ ಸಾಲು ಒಟ್ಟಿಗಿರುವ ಚಿಕ್ಕ ಪುಸ್ತಕವೊಂದನ್ನು ಕೊಂಡು, ಕಡೆಯ ಪಕ್ಷ ಎರಡು ವಾರ ಅದರೊಂದಿಗೆ ಕಳೆಯಿರಿ. ಬಾರ್ ಸಂಖ್ಯೆಗಳ ಮೇಲೆ ಪೆನ್ಸಿಲಿನಲ್ಲಿ ಶಾಟ್‌ಗಳನ್ನು ಗುರುತಿಸಬೇಕು. ಬಾನುಲಿ ಮತ್ತು ಟೆಲಿವಿಷನ್ ಸಂಸ್ಥೆಗಳ ಸಂಗೀತ ಪ್ರಸಾರಗಳಲ್ಲಿ ನಿರ್ದೇಶಕರ ಪಕ್ಕದಲ್ಲಿ ಸ್ವರಲಿಪಿ ಓದುವವರೊಬ್ಬರು ಕುಳಿತು, ಬಾರ್‌ಗಳನ್ನು ಎಣಿಸುತ್ತಾ ಮುಂದಿನ ಶಾಟ್ ಯಾವುದೆಂದು ಹೇಳುತ್ತಿರುತ್ತಾರೆ. ನಿಮ್ಮಲ್ಲಿ ಅಷ್ಟು ಜನರಿಲ್ಲದಿದ್ದರೂ ಆ ಶಿಸ್ತು ಬೇಕು. ನಿಮಗೆ ಪಾಶ್ಚಾತ್ಯ ಸ್ವರಲಿಪಿ ಓದಲು ಬಾರದಿದ್ದರೆ ವಯೋಲಾದವರ ಬಳಿ ಕುಳಿತು ಕಲಿಯಿರಿ. ಬೇರೆಯವರ ಬಳಿ ಏಕೆ ಬೇಡ ಎಂದರೆ, ಒಳಧ್ವನಿಯನ್ನು ನುಡಿಸುವವರಿಗೆ ಮೇಲಿನ ಮತ್ತು ಕೆಳಗಿನ ಎರಡೂ ಸಾಲುಗಳ ಬಗ್ಗೆ ತಿಳಿದಿರುತ್ತದೆ.

ಮೊದಲ ಭಾಗ ನಿಧಾನಗತಿಯ ಫ್ಯೂಗ್. ವಿಷಯವಸ್ತು ಮೊದಲ ವಯೊಲಿನ್‌ನಲ್ಲಿ ಒಂಟಿಯಾಗಿ ಹುಟ್ಟುತ್ತದೆ, ನಂತರ ಎರಡನೆಯ ವಯೊಲಿನ್, ಆಮೇಲೆ ವಯೋಲಾ, ಕೊನೆಗೆ ಚೆಲ್ಲೊ ಅದನ್ನು ಎತ್ತಿಕೊಳ್ಳುತ್ತವೆ. ನಾಲ್ಕನೆಯ ಸ್ವರದ ಮೇಲೆ ಪ್ರತಿ ಬಾರಿಯೂ ಒಂದು ಒತ್ತು ಬೀಳುತ್ತದೆ. ಇಲ್ಲಿ ಎಲ್ಲ ಹೊಸಬರೂ ಮಾಡುವುದು ಒಂದೇ: ಪ್ರವೇಶವಾದಂತೆಲ್ಲ ಆ ವಾದಕರ ಕ್ಲೋಸಪ್‌ಗೆ ಕಟ್ ಮಾಡುವುದು, ನಾಲ್ಕು ಪ್ರವೇಶಕ್ಕೆ ನಾಲ್ಕು ಮುಖ. ನಾನೂ ನನ್ನ ಮೊದಲ ಚಿತ್ರೀಕರಣದಲ್ಲಿ ಇನ್ನೊಂದು ಫ್ಯೂಗ್‌ಗೆ ಹೀಗೆಯೇ ಮಾಡಿದ್ದೆ. ನೋಡಿದ ವಾದಕರೊಬ್ಬರು, "ನಾವು ಒಬ್ಬರಾದ ಮೇಲೊಬ್ಬರು ಹಾಜರಿ ಕೂಗಿದಂತೆ ಕಾಣುತ್ತದೆ" ಎಂದರು. ಅವರ ಮಾತು ಸರಿಯಾಗಿತ್ತು. ಫ್ಯೂಗ್‌ನಲ್ಲಿ ಎರಡನೆಯ ಧ್ವನಿ ಬಂದಾಗ ಮೊದಲನೆಯದು ಮುಗಿದುಹೋಗುವುದಿಲ್ಲ. ಅದು ಜಾಗ ಬಿಟ್ಟುಕೊಟ್ಟು ಜೊತೆಯಲ್ಲೇ ನಡೆಯುತ್ತದೆ. ಕಟ್ ಮಾಡಿದ ಕೂಡಲೇ ಆ ಜೊತೆ ಕಣ್ಣಿನಿಂದ ಮರೆಯಾಗುತ್ತದೆ. ಇದರ ಬದಲು ಮೊದಲ ವಯೊಲಿನ್ ನುಡಿಸುತ್ತಿರುವಾಗಲೇ ಎರಡನೆಯ ವಯೊಲಿನ್‌ನವರೂ ಫ್ರೇಮಿನಲ್ಲಿರುವ ಇಬ್ಬರ ಶಾಟ್‌ನಿಂದ ಆರಂಭಿಸಿ. ಕಮಾನನ್ನು ಎತ್ತದೆ ಮಡಿಲಲ್ಲಿ ಇಟ್ಟುಕೊಂಡು ಅವರು ಕಾಯುವ ರೀತಿ, ತಮ್ಮ ಸರದಿಗೆ ಒಂದು ಬಾರ್ ಮುನ್ನ ಕಮಾನು ಮೇಲೇಳುವ ರೀತಿ, ಇದನ್ನು ನೋಡಿದವರಿಗೆ ಫ್ಯೂಗ್ ಎಂದರೇನೆಂದು ಯಾರೂ ವಿವರಿಸಬೇಕಾಗಿಲ್ಲ. ವಯೋಲಾ ಬರುವ ಹೊತ್ತಿಗೆ ಅಗಲದ ಶಾಟ್‌ಗೆ ಹೋಗಿ, ಅಲ್ಲೇ ದೀರ್ಘವಾಗಿ ನಿಲ್ಲಿ. ಒಂದೂವರೆ ನಿಮಿಷ ಕಟ್ ಇಲ್ಲದೆ ನಿಂತರೂ ಭಯಪಡಬೇಡಿ.

ಮೊದಲ ಭಾಗವು ಸಿ ಶಾರ್ಪ್ ಸ್ವರದಲ್ಲಿ ಮೆಲ್ಲನೆ ಮುಗಿಯುತ್ತದೆ; ಎರಡನೆಯದು ಅದರ ಅರ್ಧ ಮೆಟ್ಟಿಲು ಮೇಲಿನ ಡಿ ಸ್ವರದಲ್ಲಿ ಅದೇ ಬಗೆಯ ಜಿಗಿತದಿಂದ ಆರಂಭವಾಗುತ್ತದೆ. ಅರ್ಧ ಮೆಟ್ಟಿಲಿನ ಆ ಏರಿಕೆಯಲ್ಲಿ ಇಡೀ ಲೋಕದ ಬೆಳಕು ಬದಲಾದಂತಾಗುತ್ತದೆ. ಹೊಸ ಭಾಗವಲ್ಲವೇ ಎಂದು ಅಲ್ಲಿ ಕಟ್ ಮಾಡಿದರೆ ಆ ಬೆಳಕನ್ನು ನೀವೇ ತಂದಂತಾಗುತ್ತದೆ; ಅದು ಸ್ವರದಿಂದಲೇ ಬರಬೇಕು. ಒಂದೇ ಫ್ರೇಮ್, ಅದೇ ಕೈ, ಅದೇ ಕಮಾನು ಹಳೆಯ ಸ್ವರವನ್ನು ಬಿಟ್ಟು ಹೊಸದನ್ನು ಹಿಡಿಯುವುದು ಕಾಣಲಿ. ಇಡೀ ಚಿತ್ರದಲ್ಲಿ ಒಂದೇ ಒಂದು ಕಡೆ ನನ್ನ ಮಾತು ಕೇಳಿ ಎಂದರೆ ಇದನ್ನೇ ಹೇಳುತ್ತೇನೆ. ಮೂರನೆಯ ಭಾಗ ಕೇವಲ 11 ಬಾರ್. ಅದನ್ನು ಪ್ರತ್ಯೇಕ ಭಾಗವೆಂದು ತೋರಿಸಲು ಹೋಗದೆ ನಾಲ್ಕನೆಯದರ ಹೊಸ್ತಿಲು ಎಂದು ತಿಳಿಯಿರಿ.

ನಾಲ್ಕನೆಯದು ಎಲ್ಲಕ್ಕಿಂತ ದೀರ್ಘವಾದ ಭಾಗ, ಒಂದು ವಸ್ತು ಮತ್ತು ಅದರ ರೂಪಾಂತರಗಳು. ಅದರ ರಾಗಸಾಲನ್ನು ಬೇಥೋವನ್ ಎರಡು ವಯೊಲಿನ್‌ಗಳಿಗೆ ತುಂಡುತುಂಡಾಗಿ ಹಂಚಿದ್ದಾನೆ. ಒಬ್ಬರು ಆರಂಭಿಸಿದ್ದನ್ನು ಇನ್ನೊಬ್ಬರು ಮುಂದುವರಿಸುತ್ತಾರೆ. ಕಣ್ಣುಮುಚ್ಚಿ ಕೇಳಿದರೆ ಒಂದೇ ರಾಗದಂತೆ ಕೇಳಿಸುವುದು ಇಬ್ಬರ ಕೈಗಳಲ್ಲಿ ಹುಟ್ಟುತ್ತಿದೆ ಎಂಬುದು ನೋಡಿದಾಗಲೇ ತಿಳಿಯುವುದು, ಅದೂ ಇಬ್ಬರೂ ಒಂದೇ ಫ್ರೇಮಿನಲ್ಲಿದ್ದರೆ ಮಾತ್ರ. ಇಲ್ಲಿ ಇಬ್ಬರ ನಡುವೆ ಕಟ್ ಮಾಡುವುದು ದೊಡ್ಡ ತಪ್ಪು. ರೂಪಾಂತರಗಳು ಮುಂದುವರಿದಂತೆ ನಿಮಗೆ ಸ್ವಾತಂತ್ರ್ಯವಿದೆ. ಒಂದು ರೂಪಾಂತರಕ್ಕೆ ಒಂದು ದೃಷ್ಟಿಕೋನ ಎಂದು ನಿಶ್ಚಯಿಸಿಕೊಂಡರೂ ಸರಿಯೇ.

ಐದನೆಯ ಭಾಗ ಮಿಂಚಿನ ವೇಗದ್ದು. ಚೆಲ್ಲೊ ಒಂಟಿಯಾಗಿ ಒಂದು ಬಾರ್ ಗಡುಸಾಗಿ ಹೇಳಿ ಥಟ್ಟನೆ ನಿಲ್ಲುತ್ತದೆ, ಒಂದು ಮೌನ, ಆಮೇಲೆ ಮೊದಲ ವಯೊಲಿನ್ ಮೆಲುದನಿಯಲ್ಲಿ ಓಟ ಆರಂಭಿಸುತ್ತದೆ. ಆ ಮೌನದಲ್ಲಿ ಉಳಿದ ಮೂವರ ಮುಖದಲ್ಲಿ ಏನಿರುತ್ತದೆ ಎಂಬುದು ಚೆಲ್ಲೊದ ಕ್ಲೋಸಪ್‌ಗಿಂತ ಬೆಲೆಯುಳ್ಳದ್ದು. ಮುಂದೆ ಒಂದು ಕಡೆ ಕಮಾನು ಬಿಟ್ಟು ಬೆರಳಿನಿಂದ ಮೀಟಿದ ಸ್ವರಗಳು ಒಬ್ಬರಿಂದೊಬ್ಬರಿಗೆ ಚೆಂಡಿನಂತೆ ಹಾರುತ್ತವೆ. ಅವುಗಳನ್ನು ಕಟ್‌ನಿಂದ ಬೆನ್ನಟ್ಟಲು ಹೋದರೆ ನೀವು ಪ್ರತಿ ಬಾರಿಯೂ ತಡವಾಗಿ ತಲುಪುತ್ತೀರಿ. ಅಗಲದ ಶಾಟ್‌ನಲ್ಲಿ ನೋಡುವವರ ಕಣ್ಣೇ ಅವನ್ನು ಹಿಡಿಯುತ್ತದೆ, ಆ ಹಿಡಿಯುವುದರಲ್ಲಿ ಒಂದು ಸಂತೋಷವೂ ಇದೆ. ಭಾಗದ ಕೊನೆಯ ಹೊತ್ತಿಗೆ ವಾದಕರು ಕಮಾನನ್ನು ಕುದುರೆಯ (ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡಿನ) ತೀರ ಹತ್ತಿರಕ್ಕೆ ಒಯ್ದು ನುಡಿಸುತ್ತಾರೆ. ಧ್ವನಿ ತೆಳ್ಳಗಾಗಿ, ಗಾಜು ಕೆರೆದಂತೆ, ಭೂತದ ಪಿಸುಮಾತಿನಂತೆ ಆಗುತ್ತದೆ. ಇಲ್ಲಿ ಕುದುರೆ ಮತ್ತು ಕಮಾನಿನ ಅತಿ ಸಮೀಪದ ಶಾಟ್ ಇರಲೇಬೇಕು, ಏಕೆಂದರೆ ಆ ಧ್ವನಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಕೇಳುಗರಲ್ಲಿ ಏಳುತ್ತದೆ, ಉತ್ತರ ಕಣ್ಣಿಗೆ ಕಾಣುವಂಥದ್ದು. ವಾದ್ಯದ ಕ್ಲೋಸಪ್‌ಗೆ ಸಂಗೀತದಲ್ಲೇ ಕಾರಣವಿದ್ದರೆ ಮಾತ್ರ ಹೋಗಿ. ಬೆರಳುಗಳು ಅಂದವಾಗಿ ಓಡುತ್ತಿವೆ ಎಂಬುದು ಕಾರಣವಲ್ಲ.

ಆರನೆಯ ಭಾಗದ ರಾಗ ವಯೋಲಾದಲ್ಲಿ ಆರಂಭವಾಗುತ್ತದೆ. ಆ ಮುಖವನ್ನು ಅಲ್ಲಿಯವರೆಗೆ ಒಂಟಿಯಾಗಿ ಸಮೀಪದಿಂದ ತೋರಿಸದೆ ಕಾಯ್ದಿಟ್ಟುಕೊಂಡಿದ್ದರೆ, ಸುಮಾರು ಅರ್ಧ ಗಂಟೆ ಇತರರಿಗೆ ಒತ್ತಾಸೆಯಾಗಿದ್ದವರು ಈಗ ಮಾತಾಡುತ್ತಿದ್ದಾರೆ ಎಂಬುದು ಒಂದೇ ಶಾಟ್‌ನಲ್ಲಿ ತಿಳಿಯುತ್ತದೆ. ಕೊನೆಯ ಭಾಗಕ್ಕೆ ನಾಲ್ವರೂ ಒಂದೇ ಸಾಲನ್ನು ಒಟ್ಟಿಗೆ ರಭಸದಿಂದ ಎತ್ತುತ್ತಾರೆ. ನಾಲ್ಕು ಕಮಾನುಗಳೂ ಒಂದೇ ದಿಕ್ಕಿನಲ್ಲಿ ಎರಗುವ ಆ ಕ್ಷಣ ಅಗಲದ ಶಾಟ್‌ನದು, ಅದರಲ್ಲಿ ಎರಡು ಮಾತಿಲ್ಲ.

ಕ್ಯಾಮೆರಾಗಳನ್ನು ಎಲ್ಲಿ ನಿಲ್ಲಿಸಬೇಕು ಎಂಬುದು ವಾದಕರು ಕೂರುವ ಕ್ರಮವನ್ನು ಅವಲಂಬಿಸಿದೆ; ಅದನ್ನು ಕೇಳಿ ತಿಳಿಯಿರಿ, ಬದಲಿಸಲು ಹೇಳಬೇಡಿ. ಪ್ರೇಕ್ಷಕರ ಎಡತುದಿಯಲ್ಲಿ ಕೂರುವ ಮೊದಲ ವಯೊಲಿನ್‌ನವರ ಬಲಗೈ, ಅಂದರೆ ಕಮಾನಿನ ಕೈ, ಪ್ರೇಕ್ಷಕರ ಕಡೆಗಿರುತ್ತದೆ, ವಾದ್ಯದ ಮುಖವೂ ಇತ್ತಲೇ ವಾಲಿರುತ್ತದೆ. ಬಲತುದಿಯಲ್ಲಿ ವಯೋಲಾ ಕೂತಿದ್ದರೆ ಎಲ್ಲವೂ ತಿರುವುಮುರುವು: ವಾದ್ಯದ ಮುಖ ವೇದಿಕೆಯ ಒಳಕ್ಕೆ ತಿರುಗಿರುತ್ತದೆ, ನಮಗೆ ಕಾಣುವುದು ಎಡಗೈ ಮತ್ತು ವಾದ್ಯದ ಬೆನ್ನು. ಅಂಥ ಸಂದರ್ಭದಲ್ಲಿ ವಯೋಲಾವನ್ನು ಎಡಬದಿಯಿಂದ, ಮೊದಲ ವಯೊಲಿನ್‌ನವರ ಬೆನ್ನ ಹಿಂದಿನಿಂದ ಹಿಡಿಯಬೇಕು. ಚೆಲ್ಲೊ ತುದಿಯಲ್ಲಿದ್ದು ವಯೋಲಾ ಒಳಗಿದ್ದರೆ ವಯೋಲಾ ಸುಲಭವಾಗುತ್ತದೆ, ಆದರೆ ಚೆಲ್ಲೊ ಅಡ್ಡಕ್ಕೆ ತಿರುಗುತ್ತದೆ. ಮೂರು ಕ್ಯಾಮೆರಾಗಳಲ್ಲಿ ಒಂದನ್ನು ನಡುವೆ, ಸ್ವಲ್ಪ ಎತ್ತರದಲ್ಲಿ, ನಾಲ್ವರೂ ಕಾಣುವಂತೆ ಬಿಗಿದು ನಿಲ್ಲಿಸಿ. ಉಳಿದೆರಡು ಎಡಬಲಗಳಲ್ಲಿ ನಿಂತು ಎದುರು ಬದಿಯವರನ್ನು ನೋಡಲಿ. ಇವೆರಡೂ ಕುಳಿತವರ ಕಣ್ಣಿನ ಎತ್ತರದಲ್ಲಿರಲಿ. ಮೇಲಿನಿಂದ ಹಿಡಿದರೆ ನೋಟಗಳು ಸಿಗುವುದಿಲ್ಲ, ನೆತ್ತಿಗಳು ಸಿಗುತ್ತವೆ.

ಸ್ವರಲಿಪಿ ಇಡುವ ಸ್ಟ್ಯಾಂಡ್‌ಗಳು ಕಮಾನನ್ನು ಮರೆಮಾಡುವುದು ಎಲ್ಲರಿಗೂ ಎದುರಾಗುವ ತೊಂದರೆ. ಎರಡು ಬೆರಳಿನಷ್ಟು ತಗ್ಗಿಸಲು ಸಾಧ್ಯವೇ ಎಂದು ವಿನಯದಿಂದ ಕೇಳಿ. ಒಪ್ಪಿದ ಮೇಲೆ ಕುರ್ಚಿಯ ಕಾಲು, ಸ್ಟ್ಯಾಂಡ್, ಚೆಲ್ಲೊದ ಕೆಳಗಿನ ಕಡ್ಡಿ ಊರುವ ಜಾಗ ಎಲ್ಲವನ್ನೂ ನೆಲದ ಮೇಲೆ ಟೇಪಿನಿಂದ ಗುರುತಿಸಿ. ತಾಲೀಮಿನಂದು ಹಿಡಿದದ್ದು ಕಚೇರಿಯಂದು ಹಿಡಿದದ್ದಕ್ಕೆ ಹೊಂದಬೇಕಾದರೆ ಇದು ಅತ್ಯಗತ್ಯ. ಕ್ಯಾಮೆರಾ ಚಲನೆಯ ಬಗ್ಗೆ ನಿಮ್ಮ ಸಹಪಾಠಿಗಳಿಗೆ ಹೀಗೆ ಹೇಳಿ: ಚೌಕಟ್ಟಿನೊಳಗೆ ನಾಲ್ಕು ಬಲಗೈಗಳು, ಹದಿನಾರು ಎಡಗೈ ಬೆರಳುಗಳು ಈಗಾಗಲೇ ಚಲಿಸುತ್ತಿವೆ. ಕ್ಯಾಮೆರಾವೂ ಚಲಿಸಿದರೆ ಸಂಗೀತದ ಚಲನೆ ಮಸುಕಾಗುತ್ತದೆ. ಮೇಲಾಗಿ ಕ್ಯಾಮೆರಾವನ್ನು ಜಾರಿಸುವ ಸ್ಲೈಡರ್‌ನ ಸದ್ದು ಫ್ಯೂಗ್‌ನ ಮೆಲುದನಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ, ಕ್ಯಾಮೆರಾದೊಳಗಿನ ಪುಟ್ಟ ಫ್ಯಾನಿನ ಸದ್ದೂ ಕೇಳಿಸುತ್ತದೆ.

ಧ್ವನಿಯ ಬಗ್ಗೆ ಒಂದು ಮಾತು ಕಟ್ಟುನಿಟ್ಟಾಗಿ: ನಿಮ್ಮ ಹಣದಲ್ಲಿ ಅರ್ಧವನ್ನಾದರೂ ಅದಕ್ಕೆ ಕೊಡಿ, ಸಾಧ್ಯವಾದರೆ ಧ್ವನಿಮುದ್ರಣವನ್ನೇ ಕಲಿತವರನ್ನು ಕರೆತನ್ನಿ. ಕ್ವಾರ್ಟೆಟ್‌ನ ಮುಂದೆ ಎರಡು ಮೂರು ಮೀಟರ್ ದೂರದಲ್ಲಿ, ತಲೆಗಳಿಗಿಂತ ಎತ್ತರದಲ್ಲಿ ನಿಂತ ಒಂದು ಒಳ್ಳೆಯ ಸ್ಟೀರಿಯೊ ಜೋಡಿ ಮೈಕ್ ಬಹುಪಾಲು ಕೆಲಸ ಮಾಡುತ್ತದೆ. ಎರಡು ಮೈಕ್‌ಗಳ ನಡುವೆ 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನ ಇರುವ ಫ್ರೆಂಚ್ ಬಾನುಲಿಯವರ ವಿಧಾನ ಆರಂಭಕ್ಕೆ ನಂಬಬಹುದಾದದ್ದು. ಪ್ರತಿ ವಾದ್ಯಕ್ಕೂ ಹತ್ತಿರದ ಮೈಕ್ ಇಟ್ಟು, ಕ್ಲೋಸಪ್ ಬಂದಾಗ ಆ ವಾದ್ಯದ ಧ್ವನಿಯನ್ನು ಹೆಚ್ಚಿಸುವ ಚಪಲ ಬೇಡ. ನಾಲ್ವರೂ ಗಂಟೆಗಟ್ಟಲೆ ಕುಳಿತು ಸಾಧಿಸಿದ ಸಮತೋಲವನ್ನು ಅದು ಒಂದು ಕ್ಷಣದಲ್ಲಿ ಕೆಡಿಸುತ್ತದೆ.

ಚಿತ್ರ ಮತ್ತು ಧ್ವನಿಯನ್ನು ಜೋಡಿಸುವಾಗ ಅನೇಕರು ಎಡವುವ ಒಂದು ಕಡೆಯಿದೆ. ಧ್ವನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ಸೆಕೆಂಡಿಗೆ 25 ಫ್ರೇಮ್‌ಗಳ ಚಿತ್ರದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಅಷ್ಟರಲ್ಲಿ ಧ್ವನಿ ಕ್ರಮಿಸುವುದು 14 ಮೀಟರಿಗೆ ತುಸು ಕಡಿಮೆ. ಸಭಾಂಗಣದ ಹಿಂದೆ ನಿಂತ ಕ್ಯಾಮೆರಾದ ಸ್ವಂತ ಮೈಕ್‌ಗೆ ಧ್ವನಿ ಅಷ್ಟು ತಡವಾಗಿ ತಲುಪಿರುತ್ತದೆ. ಸಾಫ್ಟ್‌ವೇರ್ ಆ ಮೈಕ್‌ನ ಧ್ವನಿಯ ಅಲೆಗೆ ಮುಖ್ಯ ಧ್ವನಿಯನ್ನು ಹೊಂದಿಸಿದಾಗ, ಮುಖ್ಯ ಧ್ವನಿಯೂ ಚಿತ್ರಕ್ಕಿಂತ ಸುಮಾರು ಒಂದು ಫ್ರೇಮ್ ಹಿಂದೆ ಬೀಳುತ್ತದೆ. ಮಾತಿನಲ್ಲಿ ಇದು ಯಾರ ಗಮನಕ್ಕೂ ಬಾರದು. ಬೆರಳಿನಿಂದ ಮೀಟಿದ ತಂತಿಯಲ್ಲಿ, ಕಮಾನು ಪುಟಿಯುವ ಸ್ವರಗಳಲ್ಲಿ ಏನೋ ಸಡಿಲವಾಗಿದೆ ಎಂದು ಕಣ್ಣಿಗೆ ಅನಿಸುತ್ತದೆ. ವಾದಕರ ಪಕ್ಕದಲ್ಲೇ ಚಪ್ಪಾಳೆ ಹೊಡೆದು, ಕೈ ಸೇರಿದ ಫ್ರೇಮನ್ನು ಕಣ್ಣಿನಿಂದ ನೋಡಿ ಜೋಡಿಸಿ. ನಂತರ ಐದನೆಯ ಭಾಗದ ಮೀಟಿನ ಸ್ವರಗಳಲ್ಲಿ ಪರೀಕ್ಷಿಸಿ. 40 ನಿಮಿಷ ಓಡುವಾಗ ಕ್ಯಾಮೆರಾ ಮತ್ತು ಧ್ವನಿಯಂತ್ರಗಳ ಗಡಿಯಾರಗಳು ಬೇರೆಬೇರೆಯಾಗಿ ಸರಿಯುವುದೂ ಉಂಟಾದ್ದರಿಂದ ಕೊನೆಯಲ್ಲೂ ಒಂದು ಚಪ್ಪಾಳೆ ಬೇಕು.

ಬೆಳಕಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬಿಸಿಯಾಗುವ ದೀಪಗಳು ಬೇಡ, ತಂತಿಗಳ ಶ್ರುತಿ ಕೆಡುತ್ತದೆ. ಜರ್ಮನಿಯಲ್ಲೂ ನಮ್ಮಂತೆ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ 25 ಫ್ರೇಮ್ ಮತ್ತು 1/50 ಶಟರ್ ಇಟ್ಟುಕೊಂಡರೆ ಮಿನುಗು ಬಹುಮಟ್ಟಿಗೆ ತಪ್ಪುತ್ತದೆ, ಕಮಾನಿನ ಚಲನೆಯೂ ಸಹಜವಾಗಿ ಕಾಣುತ್ತದೆ. ಕಪ್ಪು ಉಡುಪು ಕಪ್ಪು ಪರದೆಯಲ್ಲಿ ಕರಗದಂತೆ ಹಿಂದಿನಿಂದ ಮೃದುವಾದ ಸಣ್ಣ ಬೆಳಕು ಸಾಕು. ಜೋರಾದರೆ ವಾದ್ಯದ ವಾರ್ನಿಷ್ ಮೇಲೆ ಹೊಳಪು ಕುಣಿಯುತ್ತದೆ.

ಸಂಕಲನದಲ್ಲಿ ನಾನು ಪಾಲಿಸುವುದು ಹೆಚ್ಚುಕಡಿಮೆ ಒಂದೇ ನಿಯಮ: ಕಟ್ ಬೀಳಬೇಕಾದ್ದು ಸ್ವರದ ಮೇಲಲ್ಲ, ಸ್ವರಕ್ಕೆ ಮುಂಚಿನ ಉಸಿರಿನ ಮೇಲೆ. ಬಾರ್‌ನ ಮೊದಲ ಪೆಟ್ಟಿಗೆ ಸರಿಯಾಗಿ ಕಟ್ ಮಾಡುತ್ತಾ ಹೋದರೆ ಚಿತ್ರವು ತಾಳ ಕುಟ್ಟಲು ಆರಂಭಿಸುತ್ತದೆ. ಕ್ವಾರ್ಟೆಟ್‌ನಲ್ಲಿ ಯಾರೂ ಕುಟ್ಟದ ತಾಳವನ್ನು ನೀವೇಕೆ ಕುಟ್ಟಬೇಕು? ಪ್ರವೇಶಕ್ಕೆ ಅರ್ಧ ಸೆಕೆಂಡು ಮೊದಲು ಆ ವಾದಕರ ಬಳಿ ಹೋದರೆ, ಅವರು ಉಸಿರೆಳೆದುಕೊಳ್ಳುವುದು, ಎದುರಿನವರತ್ತ ನೋಡುವುದು, ಕಮಾನು ಇಳಿಯುವುದು ಎಲ್ಲವೂ ಒಂದೇ ಕ್ರಿಯೆಯಾಗಿ ಕಾಣುತ್ತದೆ. ಎರಡು ಶಾಟ್‌ಗಳನ್ನು ಒಂದರೊಳಗೊಂದು ಕರಗಿಸುವುದನ್ನು ನಿಧಾನಗತಿಯ ಭಾಗಗಳಲ್ಲಿ ಬಹಳ ಮಂದಿ ಬಳಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಎರಡು ಸೆಕೆಂಡುಗಳಲ್ಲಿ ಪರದೆಯ ಮೇಲೆ ಎರಡು ಕಮಾನುಗಳು ಒಂದರ ಮೇಲೊಂದು ಹಾದು ಯಾವುದು ಯಾವ ಸ್ವರದ್ದೆಂದು ತಿಳಿಯದಂತಾಗುತ್ತದೆ. ನಿಧಾನ ಚಲನೆಯ ದೃಶ್ಯಗಳೂ ಬೇಡ. ಕಮಾನಿನ ವೇಗವೇ ಸ್ವರದ ಬಣ್ಣವನ್ನು ನಿರ್ಧರಿಸುತ್ತದೆ. ಒಂದನ್ನು ಸುಳ್ಳು ಮಾಡಿದರೆ ಇನ್ನೊಂದೂ ಸುಳ್ಳಾಗುತ್ತದೆ.

ತಪ್ಪು ಸ್ವರಗಳನ್ನು ಬೇರೆ ಬಾರಿ ನುಡಿಸಿದ್ದರಿಂದ ತಿದ್ದಲು ವಾದಕರು ಕೇಳಬಹುದು, ಅದು ಅವರ ಹಕ್ಕು. ಆದರೆ ಇನ್ನೊಂದು ಬಾರಿಯ ಧ್ವನಿ ಬಂದಲ್ಲಿ ಚಿತ್ರವೂ ಆ ಬಾರಿಯದೇ ಆಗಿರಬೇಕು ಎಂಬ ಷರತ್ತನ್ನು ಮೊದಲೇ ಮಾತಾಡಿಕೊಳ್ಳಿ. ಕೇಳುತ್ತಿರುವ ಮುಖದ ಶಾಟ್ ಒಂದನ್ನು ಇಂಥ ಬೆಸುಗೆಯನ್ನು ಮುಚ್ಚಲು ಬಳಸಿದರೆ, ಯಾವುದನ್ನು ಕಾಣಿಸಲು ಚಿತ್ರ ತೆಗೆಯಹೊರಟಿರೋ ಅದನ್ನೇ ತೇಪೆಯ ಬಟ್ಟೆ ಮಾಡಿದಂತಾಯಿತು. ಸಾಧ್ಯವಾದರೆ ಪ್ರೇಕ್ಷಕರಿಲ್ಲದ ಒಂದು ದಿನ ಇಡೀ ಕೃತಿಯನ್ನು ಎರಡು ಬಾರಿ, ಕಚೇರಿಯಂದು ಒಂದು ಬಾರಿ, ಹೀಗೆ ಮೂರು ಪೂರ್ಣ ಚಿತ್ರೀಕರಣಗಳನ್ನು ಮಾಡಿ, ಯಾವುದು ಹೆಚ್ಚು ಜೀವಂತವೋ ಅದನ್ನು ಬೆನ್ನೆಲುಬಾಗಿ ಇಟ್ಟುಕೊಳ್ಳಿ.

ನೋಡಿ ಕಲಿಯಲು ಆಲ್ಬನ್ ಬರ್ಗ್ ಕ್ವಾರ್ಟೆಟ್ 1989ರಲ್ಲಿ ವಿಯೆನ್ನಾದ ಕೊನ್ಸರ್ಟ್‌ಹೌಸ್‌ನಲ್ಲಿ ಪ್ರೇಕ್ಷಕರ ಮುಂದೆ ನುಡಿಸಿದ ಬೇಥೋವನ್ ಕ್ವಾರ್ಟೆಟ್‌ಗಳ ವಿಡಿಯೊಗಳಿವೆ. ಓಪಸ್ 131 ಅನ್ನು ಮೊದಲು ಧ್ವನಿಯಿಲ್ಲದೆ, ಸ್ವರಲಿಪಿ ಕೈಯಲ್ಲಿ ಹಿಡಿದು ನೋಡಿ. ಚಿತ್ರದಿಂದಷ್ಟೇ ನೀವು ಯಾವ ಬಾರ್‌ನಲ್ಲಿದ್ದೀರಿ ಎಂದು ಎಷ್ಟು ಕಡೆ ಹೇಳಬಲ್ಲಿರಿ ಎಂದು ಪರೀಕ್ಷಿಸಿಕೊಳ್ಳಿ. ನಂತರ 2020ರ ಜೂನ್‌ನಲ್ಲಿ ಲಂಡನ್ನಿನ ವಿಗ್ಮೋರ್ ಹಾಲ್ ಖಾಲಿ ಸಭಾಂಗಣದಿಂದ ನೇರ ಪ್ರಸಾರ ಮಾಡಿದ ಕಚೇರಿಗಳಲ್ಲಿ ಕೆಲವನ್ನಾದರೂ ನೋಡಿ. ಚಪ್ಪಾಳೆಯಿಲ್ಲದೆ ಸಂಗೀತ ಮುಗಿಯುವಾಗ ಕೊನೆಯ ಸ್ವರ ಗೋಡೆಗಳಲ್ಲಿ ಕರಗುವವರೆಗೆ ಕ್ಯಾಮೆರಾ ಏನು ಮಾಡಬೇಕು ಎಂಬ ಪ್ರಶ್ನೆ ಅಲ್ಲಿ ಬೆತ್ತಲಾಗಿ ನಿಂತಿದೆ.

ಆ ಪ್ರಶ್ನೆ ನಿಮಗೂ ಎದುರಾಗುತ್ತದೆ. ಓಪಸ್ 131ರ ಕೊನೆ ಅನಿರೀಕ್ಷಿತವಾದದ್ದು. 40 ನಿಮಿಷದ ಹೋರಾಟ ಕೆಲವೇ ಬಾರ್‌ಗಳಲ್ಲಿ ಮೇಜರ್ ಸ್ವರಶ್ರೇಣಿಗೆ ತಿರುಗಿ, ಬಲವಾದ ಕೆಲವು ಮೇಳಸ್ವರಗಳಲ್ಲಿ (ಒಟ್ಟಿಗೆ ನುಡಿಯುವ ಸ್ವರಗಳಲ್ಲಿ) ಮುಗಿದುಬಿಡುತ್ತದೆ. ಕೊನೆಯ ಮೇಳಸ್ವರಕ್ಕೆ ಬಹಳ ಮುಂಚೆಯೇ ನಾಲ್ವರೂ ಇರುವ ನಡುವಿನ ಕ್ಯಾಮೆರಾಕ್ಕೆ ಬಂದಿರಿ. ಕಮಾನುಗಳು ತಂತಿ ಬಿಟ್ಟು ಮೇಲೇಳುತ್ತವೆ, ಗಾಳಿಯಲ್ಲಿ ನಿಲ್ಲುತ್ತವೆ. ಯಾರು ಮೊದಲು ಇಳಿಸಬೇಕೆಂದು ಅವರು ಮಾತಾಡಿಕೊಂಡಿರುವುದಿಲ್ಲ. ಅದನ್ನೂ ಅವರು ಆ ಕ್ಷಣದಲ್ಲೇ ಒಬ್ಬರನ್ನೊಬ್ಬರು ಗಮನಿಸಿಯೇ ತೀರ್ಮಾನಿಸುತ್ತಾರೆ. ಪ್ರೇಕ್ಷಕರ ಕಡೆಗೆ ಕಟ್ ಮಾಡಬೇಡಿ. ನಾಲ್ಕನೆಯ ಕಮಾನೂ ಮಡಿಲಿಗೆ ಇಳಿಯುವವರೆಗೆ ಕ್ಯಾಮೆರಾ ಓಡುತ್ತಿರಲಿ.